ಬಿಸಿಯಾದರೆ ಮುನಿಸಿಕೊಳ್ಳುವ ಟ್ರ್ಯಾಕ್ಟರ್

ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಮೊದಲು ಹೊಳೆದದ್ದು ಪ್ರವಾಸ ಕಥನ. ಆದರೆ ಈ ಕೆಲವು ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಮಾಡಿದ ಪ್ರವಾಸವೆಂದರೆ ಮನೆಯ ಹಿಂದಿನ ಶೆಡ್ಡಿನಿಂದ ಐದೆಕರೆ ಹುಲ್ಲುಗಾವಲಿನ ನಡುಮಧ್ಯದವರೆಗೆ ಮಾತ್ರ. ಅದೂ ಹೋಗುವಾಗ ಟ್ರ್ಯಾಕ್ಟರ್ ಮೇಲೆ, ಬರುವಾಗ ಕಾಲ್ನಡಿಗೆಯಲ್ಲಿ! ಹಾಗಾಗಿ ಆ ಟ್ರ್ಯಾಕ್ಟರಿನ ಕಥೆಯನ್ನೇ ಹೇಳಿಬಿಡುತ್ತೇನೆ.

ನಾವು ಮಿಷಿಗನ್‌ನ ಆನ್ ಆರ್ಬರ್ ಊರಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಹಳೆಯ ಮನೆಯೊಂದನ್ನು ಕೊಂಡೆವು. ಮನೆಯ ಜೊತೆಗೆ ಐದೆಕರೆ ಜಾಗ, ಒಂದು ಶೆಡ್ಡು, ಶೆಡ್ಡಿನೊಳಗೆ ಟಾರ್ಪಾಲು ಹೊದ್ದು ಮಲಗಿದ್ದ 1949ರ ಫೋರ್ಡ್ 8ಎನ್ ಟ್ರ್ಯಾಕ್ಟರ್ ಬಂತು. ಮಾರಿದವರು ಅದನ್ನು ಸಾಗಿಸುವ ಖರ್ಚಿಗೆ ಹೆದರಿ ಬಿಟ್ಟುಹೋದರೋ ಅಥವಾ ಅದರ ಗುಣ ಗೊತ್ತಿದ್ದೇ ಬಿಟ್ಟುಹೋದರೋ ಎಂಬ ಅನುಮಾನ ನನಗೆ ಆಮೇಲೆ ಬಂತು.

ಈ 8ಎನ್ ಅಮೆರಿಕದ ಹಳ್ಳಿಗಳಲ್ಲಿ ನಮ್ಮ ಕಡೆಯ ಅಂಬಾಸಿಡರ್ ಕಾರಿನಷ್ಟೇ ಚಿರಪರಿಚಿತ. 1947ರಿಂದ 1952ರವರೆಗೆ ಇಲ್ಲೇ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಕೆಳಗಿನ ಎರಕದ ಮೈ ಕೆಂಪು, ಮೇಲಿನ ತಗಡು ತಿಳಿ ಬೂದು. ಇದರ ಹಿಂದೆ ಒಂದು ಜಗಳದ ಕಥೆಯೂ ಇದೆ. ಹಿಂಬದಿಗೆ ಮೂರು ಕೊಂಡಿಗಳಲ್ಲಿ ನೇಗಿಲನ್ನು ಸಿಕ್ಕಿಸಿ ಹೈಡ್ರಾಲಿಕ್‌ನಿಂದ ಎತ್ತಿ ಇಳಿಸುವ ಪದ್ಧತಿಯನ್ನು ರೂಪಿಸಿದ್ದು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. 1938ರಲ್ಲಿ ಆತನೂ ಹೆನ್ರಿ ಫೋರ್ಡೂ ಕಾಗದಪತ್ರವಿಲ್ಲದೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮುಂದೆ ಅದು ಮುರಿದುಬಿತ್ತು, ಫೋರ್ಡ್ ಕಂಪನಿ ತಾನೇ 8ಎನ್ ತಂದಿತು, ಫರ್ಗ್ಯುಸನ್ ಕೋರ್ಟಿಗೆ ಹೋದ. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಇದೇ ಫರ್ಗ್ಯುಸನ್ನನ ಹೆಸರನ್ನೇ ನಮ್ಮೂರ ಕಡೆ ಕಬ್ಬು ಹೊರುವ, ಚೆನ್ನೈನಲ್ಲಿ ತಯಾರಾಗುವ ಕೆಂಪು ಮ್ಯಾಸಿ ಫರ್ಗ್ಯುಸನ್‌ಗಳ ಮೂತಿಯ ಮೇಲೆ ನೀವೆಲ್ಲ ನೋಡಿರುತ್ತೀರಿ.

ಆದರೆ ಒಂದು ದೊಡ್ಡ ವ್ಯತ್ಯಾಸ. ನಮ್ಮ ಕಡೆಯ ಟ್ರ್ಯಾಕ್ಟರುಗಳು ಡೀಸೆಲ್, ಅವಕ್ಕೆ ಕಿಡಿಯ ಗೊಡವೆಯಿಲ್ಲ. ಇದು ಪೆಟ್ರೋಲ್ ಇಂಜಿನ್. ಪ್ಲಗ್ಗು, ಪಾಯಿಂಟು, ಕಂಡೆನ್ಸರ್, ಕಾಯಿಲ್, ಕಾರ್ಬೊರೇಟರ್ ಎಲ್ಲವೂ ಉಂಟು. ರೋಗ ಬರಲು ಜಾಗ ಬಹಳ.

ರೋಗವೇನಪ್ಪಾ ಅಂದರೆ, ತಣ್ಣಗಿದ್ದಾಗ ಒಂದೇ ಗುಂಡಿಗೆ ಸ್ಟಾರ್ಟ್. ಖಾಲಿ ಓಡಾಡಿಸಿದರೆ ತಕರಾರೇ ಇಲ್ಲ. ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿ ಕೆಲಸಕ್ಕೆ ಇಳಿಸಿದಿರೋ, ಇಪ್ಪತ್ತೈದು ಮೂವತ್ತು ನಿಮಿಷಕ್ಕೆ ಸರಿಯಾಗಿ ನಿಂತುಬಿಡುತ್ತದೆ. ಎಷ್ಟು ತಿರುಗಿಸಿದರೂ ಇಲ್ಲ. ಮುಕ್ಕಾಲು ಗಂಟೆ ಬಿಟ್ಟು ಬಂದು ಗುಂಡಿ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್!

ನಾನು ಸಾಫ್ಟ್‌ವೇರ್‌ನವನು. ಇಂಥ ರೋಗ ನನಗೆ ಹೊಸದಲ್ಲ. ಗ್ರಾಹಕರ ಬಳಿ ದಿನಕ್ಕೊಮ್ಮೆ ಬಿದ್ದುಹೋಗುವ ಪ್ರೋಗ್ರಾಮು ನನ್ನ ಮೇಜಿನ ಮೇಲೆ ಬಂಗಾರದಂತೆ ನಡೆಯುತ್ತದೆ. ಆಗ ನಾವು ಏನು ಮಾಡಬೇಕು, ಏನು ಮಾಡಬಾರದು ಎಂದು ಹೊಸಬರಿಗೆ ಪಾಠ ಹೇಳುವವನು ನಾನು. ಟ್ರ್ಯಾಕ್ಟರ್ ವಿಷಯದಲ್ಲಿ ಮಾತ್ರ ಮಾಡಬಾರದ್ದನ್ನೆಲ್ಲ ಮಾಡಿದೆ. ಶನಿವಾರ ಬೆಳಿಗ್ಗೆ ಕಾಫಿ ಕುಡಿದು, ಇಂಜಿನ್ ತಣ್ಣಗಿರುವಾಗ ಒಂದೊಂದೇ ಭಾಗ ಬದಲಾಯಿಸುತ್ತಾ ಹೋದೆ. ಪ್ಲಗ್ಗು ಬದಲಿಸಿದೆ. ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಪಾಯಿಂಟು, ಕಂಡೆನ್ಸರ್ ಹೊಸವು ಹಾಕಿದೆ. 8ಎನ್‌ನ ಹಳೆಯ ಮಾದರಿಯಲ್ಲಿ ಡಿಸ್ಟ್ರಿಬ್ಯೂಟರ್ ಇರುವುದು ಇಂಜಿನ್ನಿನ ಎದುರು ಮುಖದಲ್ಲಿ, ಫ್ಯಾನಿನ ಹಿಂದೆ, ಕೈ ಹೋಗದ ಸಂದಿಯಲ್ಲಿ. ಅದನ್ನು ಹಾಗೇ ಕಳಚಿ ಮೇಜಿನ ಮೇಲಿಟ್ಟು ಪಾಯಿಂಟ್ ಹೊಂದಿಸಬೇಕು. ಕೊನೆಗೆ ಅದರ ತಲೆಯ ಮೇಲೆ ಕೂರುವ ಚೌಕದ ಕಾಯಿಲನ್ನೂ ಬದಲಿಸಿದೆ. ಆಹಾ, ಮೂರು ವಾರಾಂತ್ಯ ಸೊಗಸಾಗಿ ನಡೆಯಿತು! ಗೆದ್ದೆ ಅಂದುಕೊಂಡೆ. ನಾಲ್ಕನೇ ವಾರ ಮತ್ತೆ ಅದೇ ಹಾಡು. ಹೊಸ ಕಾಯಿಲ್ ಹಾಕಿಯೂ ನಿಲ್ಲುತ್ತದೆ ಎಂದರೆ ದೋಷ ಕಾಯಿಲಿನದ್ದಲ್ಲ ಎಂದು ತೀರ್ಮಾನಿಸಿದೆ. ಈ ತೀರ್ಮಾನವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಪಕ್ಕದ ಜಮೀನಿನ ಅಜ್ಜ, ಎಪ್ಪತ್ತೆಂಟು ವರ್ಷದವರು, ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನು ಒಂದು ಮುಷ್ಟಿ ತಂದುಕೊಟ್ಟು, ಪೆಟ್ರೋಲ್ ಕೊಳವೆಯ ಉದ್ದಕ್ಕೂ ಸಿಕ್ಕಿಸು ಎಂದರು. ತಮಾಷೆಯಲ್ಲ, ಇಲ್ಲಿನ ಹಳಬರ ನಂಬುಗೆಯ ಮದ್ದು ಅದು. ಕೊಳವೆ ಬಿಸಿಯಾಗಿ ಒಳಗೆ ಪೆಟ್ರೋಲ್ ಆವಿಯಾದರೆ ಗುಳ್ಳೆ ಕಟ್ಟಿ ದಾರಿ ನಿಲ್ಲುತ್ತದೆ. ಕ್ಲಿಪ್ಪು ಶಾಖ ಹೀರುತ್ತದೆ ಎಂಬ ಲೆಕ್ಕ. ಈಗಿನ ಪೆಟ್ರೋಲಿಗೆ ಶೇಕಡಾ 10 ಎಥೆನಾಲ್ ಬೆರೆಸುವುದರಿಂದ ಆವಿಯಾಗುವ ಗುಣ ಇನ್ನೂ ಜಾಸ್ತಿ ಎಂಬುದೂ ಅವರ ವಾದ. ಸಿಕ್ಕಿಸಿದೆ. ಟ್ರ್ಯಾಕ್ಟರು ಮುಳ್ಳುಹಂದಿಯಂತೆ ಕಂಡಿತೇ ಹೊರತು, ಅರ್ಧ ಗಂಟೆಗೆ ನಿಲ್ಲುವುದನ್ನು ಬಿಡಲಿಲ್ಲ.

2023ರ ಮೇ ತಿಂಗಳಲ್ಲಿ ಅಪ್ಪ ಅವ್ವ ಊರಿನಿಂದ ಬಂದರು. ನಮ್ಮದು ಮದ್ದೂರು ತಾಲ್ಲೂಕು. ಅವ್ವನಿಗೆ ಮೊಮ್ಮಗಳಿದ್ದಳು, ಅಡಿಗೆಮನೆಯಿತ್ತು, ಹೊತ್ತು ಹೋಗುತ್ತಿತ್ತು. ಅಪ್ಪನ ಗತಿ ಹಾಗಲ್ಲ. ಈ ಅನುಭವ ನಿಮ್ಮಲ್ಲಿ ಬಹಳ ಜನರಿಗೆ ಆಗಿರುತ್ತದೆ. ಹುಟ್ಟಿದಾಗಿನಿಂದ ಮಣ್ಣಲ್ಲಿ ದುಡಿದ ಮನುಷ್ಯನನ್ನು ತಂದು ಕಾರ್ಪೆಟ್ಟಿನ ಮೇಲೆ ಕೂರಿಸಿದರೆ ಏನು ಮಾಡಿಯಾನು? ಬೆಳಿಗ್ಗೆ ನಾಲ್ಕಕ್ಕೇ ಎದ್ದು ಕಿಟಕಿ ಹತ್ತಿರ ಕೂರುತ್ತಿದ್ದರು. ಮೂರನೇ ವಾರಕ್ಕೆ, "ಲೇ ಮಗ, ಟಿಕೆಟ್ಟು ಮುಂಚೆಗೆ ಬದ್ಲಾಯ್ಸಕ್ಕೆ ಆಯ್ತದಾ ನೋಡ್ಲಾ, ನಿಮ್ಮವ್ವ ಬೇಕಾದ್ರೆ ಇರ್ಲಿ" ಅಂದರು. ನಾನು ಮೀಟಿಂಗಿನ ನೆಪ ಹೇಳಿ ಎದ್ದುಹೋದೆ.

ಅದೇ ವಾರ ಟ್ರ್ಯಾಕ್ಟರು ಹುಲ್ಲುಗಾವಲಿನ ಮಧ್ಯೆ ನಿಂತಾಗ ಅಪ್ಪ ನಡೆದು ಬಂದರು. ಸುತ್ತ ಒಂದು ಸುತ್ತು ಹಾಕಿ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, "ಇದೇನ್ಲಾ, ಪೆಟ್ರೋಲ್ ಕುಡಿಯೋ ಟ್ರ್ಯಾಕ್ಟ್ರಾ? ಗದ್ದೆ ಮಾರ್ಕೊಂಡ್ ಓಡಿಸ್ಬೇಕು!" ಎಂದರು. ಆದರೆ ಕಣ್ಣಲ್ಲಿ ಏನೋ ಮಿಂಚಿತ್ತು. ಕಾರಣವಿದೆ. ನಾನು ಚಿಕ್ಕವನಿದ್ದಾಗ ನಮ್ಮಲ್ಲೊಂದು ಸೀಮೆಎಣ್ಣೆ ಇಂಜಿನ್ ಪಂಪಿತ್ತು. ಪೆಟ್ರೋಲ್ ಮೇಲೆ ಸ್ಟಾರ್ಟ್ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ ನಮ್ಮ ಗದ್ದೆ. ಸರದಿಯ ನೀರು ಬಂದ ರಾತ್ರಿ ಹಳ್ಳದಿಂದ ಎತ್ತಿಕೊಳ್ಳಬೇಕು. ಆ ಹೊತ್ತಿಗೇ ಇಂಜಿನ್ ಕೈಕೊಡುತ್ತಿತ್ತು. ಲಾಟೀನು ಹಿಡಿಯುವುದು ನನ್ನ ಕೆಲಸ, ಬಿಚ್ಚುವುದು ಅಪ್ಪನದು.

ಅವರ ಮೊದಲ ಅನುಮಾನ ಮುಚ್ಚಳದ ಮೇಲೆಯೇ. ಮುಚ್ಚಳದ ಗಾಳಿತೂತು ಕಟ್ಟಿಕೊಂಡರೆ ಪೆಟ್ರೋಲ್ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತವಾಗಿ, ಹರಿವು ನಿಲ್ಲುತ್ತದೆ. ನಿಂತ ಮೇಲೆ ಮುಚ್ಚಳ ಸಡಿಲಿಸಿದಾಗ ಉಸ್ಸ್ ಎಂದು ಗಾಳಿ ಎಳೆದುಕೊಂಡರೆ ರೋಗ ಅದೇ. ನಮ್ಮದು ಎಳೆದುಕೊಳ್ಳಲಿಲ್ಲ. ಅಷ್ಟಕ್ಕೆ ಆ ದಿನ ಮುಗಿಯಿತು, ನನಗೂ ಆಸಕ್ತಿ ಹೋಗಿತ್ತು.

ಜುಲೈನಲ್ಲಿ ಹೆದರಿಸುವಂಥದ್ದು ನಡೆಯಿತು. ನಮ್ಮ ಮನೆಯ ಮುಂದಿನದು ಕೌಂಟಿ ರಸ್ತೆ, ಗಂಟೆಗೆ 55 ಮೈಲಿಯಲ್ಲಿ ವಾಹನಗಳು ಬರುತ್ತವೆ. ಆಚೆ ಬದಿಯಲ್ಲಿ ಬಿದ್ದಿದ್ದ ಮರದ ತುಂಡುಗಳನ್ನು ಟ್ರೇಲರಿಗೆ ತುಂಬಿಕೊಂಡು ರಸ್ತೆ ದಾಟುತ್ತಿದ್ದೆ. ಟ್ರ್ಯಾಕ್ಟರ್ ರಸ್ತೆಯ ಮಧ್ಯದ ಹಳದಿ ಗೆರೆಯ ಮೇಲೆ ಬಂದಾಗ, ಯಾರೋ ಕೀ ತಿರುಗಿಸಿದಂತೆ, ಪಟ್ಟನೆ ನಿಂತಿತು. ಇದರಲ್ಲಿ ಗೇರು ನ್ಯೂಟ್ರಲ್‌ನಲ್ಲಿ ಇಲ್ಲದೆ ಸ್ಟಾರ್ಟರ್ ಗುಂಡಿ ಕೆಲಸ ಮಾಡುವುದಿಲ್ಲ, ಹಾಗಾಗಿ ಸ್ಟಾರ್ಟರ್‌ನಿಂದಲೇ ಎಳೆಸಿಕೊಂಡು ಪಾರಾಗುವ ಉಪಾಯವೂ ಇಲ್ಲ. ಗಾಡಿಯದೇ ತೂಕ ಒಂದು ಟನ್ನಿಗಿಂತ ಹೆಚ್ಚು, ಹಿಂದೆ ತುಂಬಿದ ಟ್ರೇಲರ್. ತಿರುವಿನಲ್ಲಿ ಒಂದು ಪಿಕಪ್ ಟ್ರಕ್ ಬಂತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಬೀಸುತ್ತಾ ರಸ್ತೆಯಲ್ಲಿ ಅದರ ಎದುರಿಗೆ ಓಡಿದರು. ಟ್ರಕ್ ಕಿರ್ರೆಂದು ನಿಂತಿತು. ಆ ಪುಣ್ಯಾತ್ಮ ಇಳಿದು ಬಯ್ಯಲಿಲ್ಲ, ತನ್ನ ಸರಪಳಿ ಕಟ್ಟಿ ನಮ್ಮನ್ನು ಅಂಗಳಕ್ಕೆ ಎಳೆದುಕೊಟ್ಟು ಹೋದ.

ಅವತ್ತು ರಾತ್ರಿ ನನ್ನವಳು, "ರೀ, ಇವತ್ತು ಮಾವನಿಗೆ ಏನಾದ್ರೂ ಆಗಿದ್ದಿದ್ರೆ? ಅದನ್ನ ಗುಜರಿಗೆ ಹಾಕಿ" ಎಂದಳು. ಉತ್ತರ ಕೊಡಲು ಬಾಯಿರಲಿಲ್ಲ. ಅಪ್ಪ ಊಟ ಮಾಡುತ್ತಾ ತಟ್ಟೆಯಿಂದ ತಲೆಯೆತ್ತದೆ, "ಅದು ಹ್ಯಾಗೆ ಸಾಯ್ತು ಅಂತ ನೋಡ್ದಾ?" ಎಂದು ಕೇಳಿದರು. ಏನಪ್ಪಾ ಅಂದೆ. "ಪೆಟ್ರೋಲ್ ಸಾಲ್ದೆ ಸಾಯೋ ಇಂಜಿನ್ನು ಕೆಮ್ಮಿ, ಗುಟುಕ್ ಜೀವ ಹಿಡ್ಕೊಂಡು ಸಾಯ್ತದೆ. ಇದು ಕೆಮ್ಲಿಲ್ಲ. ಪಟ್ ಅಂತ ಹೋಯ್ತು. ಇದು ಕಿಡಿದು ಕಣ್ಲಾ."

ಎರಡು ವರ್ಷದಲ್ಲಿ ನಾನು ಗಮನಿಸದೆ ಇದ್ದದ್ದು ಅದು. ನಿಜವಾಗಿಯೂ ಇದೊಂದು ಒಳ್ಳೆಯ ಗುರುತು. ಪೆಟ್ರೋಲ್ ಕೊರತೆಯಾದಾಗ ಇಂಜಿನ್ ಮುಗ್ಗರಿಸುತ್ತದೆ, ಚೋಕ್ ಎಳೆದರೆ ಒಂದು ಕ್ಷಣ ಚೇತರಿಸಿಕೊಳ್ಳುತ್ತದೆ. ಕಿಡಿ ಹೋದಾಗ ದೀಪ ಆರಿದ ಹಾಗೆ. ಎಲ್ಲ ಸಲವೂ ಇಷ್ಟು ಚೊಕ್ಕಟವಾಗಿ ಇರುವುದಿಲ್ಲ ಎಂಬುದೂ ನಿಜ. ಆದರೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದಂತೂ ತಿಳಿಯುತ್ತದೆ.

"ಇಷ್ಟ್ ದಿವ್ಸ ತಣ್ಣಗಾದ್ ಮ್ಯಾಲೆ ಬಿಚ್ಚಿ ನೋಡ್ತಿದ್ಯಲ್ಲ, ಏನ್ ಕಾಣ್ತದ್ಲಾ? ಜ್ವರ ಇದ್ದಾಗ್ಲೇ ಡಾಕ್ಟ್ರತ್ರ ಕರ್ಕೊಂಡ್ ಹೋಗ್ಬೇಕು" ಎಂದರು ಅಪ್ಪ. ನಾಲೆಯ ಸರದಿ ಮುಗಿಯುವ ಮುಂಚೆ ಇಂಜಿನ್ ರಿಪೇರಿ ಆಗಬೇಕಿದ್ದ ಮನುಷ್ಯನಿಗೆ ತಣ್ಣಗಾಗುವ ತನಕ ಕಾಯುವ ಸೌಕರ್ಯ ಯಾವತ್ತೂ ಇರಲಿಲ್ಲ. ನನಗೆ ಅದು ಇದ್ದದ್ದೇ ತೊಂದರೆಯಾಗಿತ್ತು.

ಮುಂದಿನ ಶನಿವಾರ ಅಪ್ಪನ ಪ್ರಕಾರ ಕೆಲಸ. ಮೊದಲು ಬೇಕಾದ ಸಾಮಾನನ್ನೆಲ್ಲ ಒಂದು ಬಕೆಟ್ಟಿನಲ್ಲಿ ಜೋಡಿಸಿಕೊಂಡೆವು. ಪ್ಲಗ್ಗಿನ ಸ್ಪ್ಯಾನರ್, ಕಿಡಿ ನೋಡುವ ಟೆಸ್ಟರ್, ಮಲ್ಟಿಮೀಟರ್, ಒಂದು ಡಬ್ಬಿ, ಬೆಂಕಿ ಆರಿಸುವ ಸಿಲಿಂಡರ್. ತಣ್ಣಗಿದ್ದಾಗಲೇ ಒಮ್ಮೆ ಕಿಡಿ ನೋಡಿಟ್ಟುಕೊಂಡೆವು. ಕಾಲು ಇಂಚಿನ ಸಂದಿಯನ್ನು ಟಕ್ ಟಕ್ ಎಂದು ನೀಲಿಯಾಗಿ ಹಾರುತ್ತಿತ್ತು. ಆಮೇಲೆ ಎತ್ತರದ ಹುಲ್ಲಿಗೆ ಇಳಿಸಿದೆ. ಇಪ್ಪತ್ತಾರನೇ ನಿಮಿಷಕ್ಕೆ ನಿಂತಿತು. ನಾನು ಇಷ್ಟು ಸಂತೋಷದಿಂದ ಅದು ನಿಲ್ಲುವುದನ್ನು ಕಾದದ್ದು ಅದೇ ಮೊದಲು!

ಮೊದಲು ಕಿಡಿ, ಆಮೇಲೆ ಪೆಟ್ರೋಲು, ಇದು ಅಪ್ಪನ ಕಟ್ಟಪ್ಪಣೆ. ಮೊದಲೇ ಪೆಟ್ರೋಲ್ ಚೆಲ್ಲಿಕೊಂಡು ಆಮೇಲೆ ಅದರ ಪಕ್ಕ ಕಿಡಿ ಹಾರಿಸುವುದು ಮನೆ ಸುಡುವ ಕೆಲಸ. ಟೆಸ್ಟರ್ ಸಿಕ್ಕಿಸಿ ಸ್ಟಾರ್ಟರ್ ತಿರುಗಿಸಿದೆ. ಕಾಲು ಇಂಚು ಬಿಡಿ, ಅದರ ಅರ್ಧವನ್ನೂ ಹಾರಲಿಲ್ಲ. ಬಹಳ ಹತ್ತಿರ ತಂದಾಗ ಕಿತ್ತಳೆ ಬಣ್ಣದ ಬಡಕಲು ಕಿಡಿಯೊಂದು ಕಂಡು ಮಾಯವಾಯಿತು. ಕೀ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಕಾರ್ಬೊರೇಟರಿನ ತಳದ ತಿರುಪು ಬಿಚ್ಚಿ ಡಬ್ಬಿ ಹಿಡಿದೆವು. ಪೆಟ್ರೋಲ್ ನಿಲ್ಲದೆ ಧಾರೆಯಾಗಿ ಬಂತು. ಅಂದರೆ ಟ್ಯಾಂಕಿನಿಂದ ಕೆಳಗಿನವರೆಗೆ ಇರುವ ಜಾಲರಿಗಳು ಯಾವುವೂ ಕಟ್ಟಿಲ್ಲ. ಕ್ಲಿಪ್ಪುಗಳಿಗೆ ಅಲ್ಲಿಗೆ ನಿವೃತ್ತಿ.

ಕಾಯಿಲಿನ ಮೇಲೆ ಕೈಯಿಡಲು ಆಗುತ್ತಿರಲಿಲ್ಲ, ಅಷ್ಟು ಸುಡುತ್ತಿತ್ತು. ಆದರೆ ಕೆಟ್ಟಿರುವುದು ಕಾಯಿಲೋ ಕಂಡೆನ್ಸರೋ? ಎರಡೂ ಬಿಸಿಗೆ ಕೈಕೊಡುವ ಜಾತಿಯವೇ. ಅಪ್ಪ, "ಕಾಯಿಲ್ ಒಂದುಕ್ಕೇ ತಂಪ್ ಮಾಡು, ಉಳಿದದ್ದು ಹಂಗೇ ಕಾದಿರ್ಲಿ" ಎಂದರು. ಒದ್ದೆ ಬಟ್ಟೆ ಹಾಕಿದರೆ ಡಿಸ್ಟ್ರಿಬ್ಯೂಟರಿಗೆ ನೀರಿಳಿದು ಇನ್ನೊಂದು ರೋಗ. ನಾನು ಮನೆಗೆ ಓಡಿ ಫ್ರೀಜರಿನಲ್ಲಿ ಕೈಗೆ ಸಿಕ್ಕಿದ್ದನ್ನು ತಂದೆ. ಸಿಕ್ಕಿದ್ದು ಇಂಡಿಯನ್ ಸ್ಟೋರಿನಿಂದ ತಂದಿಟ್ಟಿದ್ದ ಅವರೆಕಾಳಿನ ಎರಡು ಪ್ಯಾಕೆಟ್! ಅದನ್ನು ಇನ್ನೊಂದು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಾಯಿಲಿನ ನೆತ್ತಿಯ ಮೇಲೆ ಒತ್ತಿ ಹಿಡಿದೆವು. ಎಂಟು ನಿಮಿಷ. ಮುಕ್ಕಾಲು ಗಂಟೆ ಹಟ ಹಿಡಿಯುತ್ತಿದ್ದ ಗಾಡಿ ಮೊದಲ ಗುಂಡಿಗೇ ಸ್ಟಾರ್ಟ್ ಆಯಿತು.

ಇಲ್ಲಿ ಸ್ವಲ್ಪ ಇಂಜಿನಿಯರಿಂಗ್ ಹೇಳಲೇಬೇಕು, ಡಿಗ್ರಿಗೆ ಕೊಟ್ಟ ಫೀಸು ವಸೂಲಾಗಬೇಕಲ್ಲ. ಕಾಯಿಲಿನೊಳಗೆ ಕೂದಲಿನಷ್ಟು ಸಣ್ಣ ತಂತಿಯ ಸಾವಿರಾರು ಸುತ್ತು. ಬಿಸಿಯಾದಾಗ ಸುತ್ತುಗಳ ನಡುವಿನ ಇನ್ಸುಲೇಷನ್ ಸೋತರೆ, ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ಒಳಗೇ ಅಡ್ಡದಾರಿ ಹಿಡಿಯುತ್ತದೆ. ತಣ್ಣಗಾದರೆ ಮತ್ತೆ ಸಭ್ಯನಂತೆ ನಡೆದುಕೊಳ್ಳುತ್ತದೆ. ಹಾಗಾದರೆ ಖಾಲಿ ಓಡುವಾಗ ತಡೆದುಕೊಂಡು, ಕೆಲಸ ಮಾಡುವಾಗಲೇ ಏಕೆ ನಿಲ್ಲಬೇಕು? ಭಾರ ಎಳೆಯುವಾಗ ಥ್ರಾಟಲ್ ಹೆಚ್ಚು ತೆರೆದು ಸಿಲಿಂಡರಿನೊಳಗೆ ಹೆಚ್ಚು ಗಾಳಿ ಪೆಟ್ರೋಲ್ ತುಂಬುತ್ತದೆ, ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದಿಯನ್ನು ಹಾರಲು ಹೆಚ್ಚು ವೋಲ್ಟೇಜ್ ಬೇಕು. ಬಡವಾದ ಕಾಯಿಲ್ ಅಲ್ಲಿ ಸೋಲುತ್ತದೆ.

ಸರಿ, ಹೊಸ ಕಾಯಿಲ್ ಆರ್ಡರ್ ಮಾಡುತ್ತೇನೆ ಎಂದು ಫೋನ್ ತೆಗೆದೆ. ಅಪ್ಪ ತಡೆದರು. "ತಡಿಯಪ್ಪ. ಇದೂ ಹೊಸದೇ ಅಲ್ವಾ? ಹೋದ್ ವರ್ಷ ತಾನೆ ಹಾಕ್ದೆ ಅಂದ್ಯಲ್ಲ. ಕಾಯಿಲ್ ಸತ್ತೋಗದೆ, ಒಪ್ಪಿದೆ. ಸಾಯ್ಸಿದೋರ್ ಯಾರು?"

ಆ ಪ್ರಶ್ನೆ ನನ್ನನ್ನು ನಾಚಿಸಿತು. ಹೊಸ ಕಾಯಿಲ್ ಹಾಕಿಯೂ ಕೆಟ್ಟಿದ್ದರಿಂದ ಕಾಯಿಲ್ ನಿರಪರಾಧಿ ಎಂದು ನಾನು ತೀರ್ಮಾನಿಸಿದ್ದೆನಲ್ಲ? ಹೊಸದನ್ನೂ ಯಾವುದೋ ಒಂದು ಕೊಲ್ಲುತ್ತಿರಬಹುದು ಎಂದು ಹೊಳೆದೇ ಇರಲಿಲ್ಲ. ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದ ತಂತಿ ಹಿಂಬಾಲಿಸಿದೆ. ಹತ್ತು ನಿಮಿಷದಲ್ಲಿ ಕೊಲೆಗಾರ ಸಿಕ್ಕಿದ.

8ಎನ್ ಕಾರ್ಖಾನೆಯಿಂದ ಬಂದದ್ದು 6 ವೋಲ್ಟ್ ಬ್ಯಾಟರಿಯಲ್ಲಿ. ಹಿಂದಿನ ಮಾಲೀಕರಲ್ಲಿ ಯಾರೋ ಹಳೆಯ ಡೈನಮೊ ಕಿತ್ತು, ಆಲ್ಟರ್ನೇಟರ್ ಕೂರಿಸಿ 12 ವೋಲ್ಟಿಗೆ ಬದಲಾಯಿಸಿದ್ದರು. ಬಹಳ ಜನ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಮುಂಭಾಗದ ಡಿಸ್ಟ್ರಿಬ್ಯೂಟರಿನ ಈ 6 ವೋಲ್ಟ್ ಕಾಯಿಲನ್ನೇ ಉಳಿಸಿಕೊಂಡರೆ, ಮೊದಲಿನಿಂದ ಇರುವ ರೆಸಿಸ್ಟರ್ ಜೊತೆಗೆ ಇನ್ನೊಂದು ರೆಸಿಸ್ಟರನ್ನು ಸಾಲಾಗಿ ಸೇರಿಸಬೇಕು. ಅದನ್ನು ಅವರು ಸೇರಿಸಿರಲಿಲ್ಲ. ನಾನು ಅಂಗಡಿಯಲ್ಲಿ 1949ರ 8ಎನ್‌ಗೆ ಕಾಯಿಲ್ ಕೊಡಿ ಎಂದು ಕೇಳಿ, ಅವರು ಕೊಟ್ಟ 6 ವೋಲ್ಟಿನದನ್ನೇ ತಂದು ಅದೇ ಬಾಣಲೆಗೆ ಹಾಕಿದ್ದೆ. ವೋಲ್ಟೇಜ್ ಎರಡರಷ್ಟಾದರೆ ಕರೆಂಟೂ ಹೆಚ್ಚುಕಡಿಮೆ ಎರಡರಷ್ಟು, ಶಾಖ ನಾಲ್ಕರಷ್ಟು. ಪಾಯಿಂಟುಗಳನ್ನು ಬಿಚ್ಚಿ ನೋಡಿದರೆ ಅವೂ ಸುಟ್ಟು ಗುಳಿಬಿದ್ದಿದ್ದವು.

ಇನ್ನೊಂದು ತಪ್ಪೊಪ್ಪಿಗೆ. ಗಾಡಿ ನಿಂತಾಗಲೆಲ್ಲ ನಾನು ಕೀ ಆನ್ ಇಟ್ಟೇ ಇಳಿದು ತಲೆ ಕೆರೆದುಕೊಳ್ಳುತ್ತಿದ್ದೆ. ಪಾಯಿಂಟುಗಳು ಮುಚ್ಚಿದ ಸ್ಥಿತಿಯಲ್ಲಿ ಇಂಜಿನ್ ನಿಂತಿದ್ದರೆ ಕಾಯಿಲಿನ ಮೂಲಕ ಬಿಡುವಿಲ್ಲದೆ ಕರೆಂಟ್ ಹರಿಯುತ್ತಲೇ ಇರುತ್ತದೆ. ನಾನು ಯೋಚನೆ ಮಾಡುತ್ತಾ ನಿಂತಷ್ಟೂ ಕಾಯಿಲ್ ಬೇಯುತ್ತಿತ್ತು!

ಮತ್ತೊಂದು ಕಾಯಿಲ್, ಒಂದು ಓಮಿನ ಸೆರಾಮಿಕ್ ರೆಸಿಸ್ಟರ್, ಒಂದು ಜೊತೆ ಪಾಯಿಂಟು ತರಿಸಿದೆವು. ರೆಸಿಸ್ಟರಿನ ಬೆಲೆ ನಾಲ್ಕು ಜನರ ಕಾಫಿಗಿಂತ ಕಡಿಮೆ. ಪಾಯಿಂಟ್ ಸಂದಿ ಇಂಚಿನ ಸಾವಿರದ ಹದಿನೈದು ಭಾಗ ಇರಬೇಕು. ನನ್ನ ಬಳಿ ಫೀಲರ್ ಗೇಜ್ ಇತ್ತು. ಅಪ್ಪ ಅದನ್ನು ಮುಟ್ಟದೆ, ಕನ್ನಡಕ ಹಣೆಗೇರಿಸಿ, ಒಂದು ದಪ್ಪ ಕಾಗದದ ಚೂರು ಮಡಚಿ ಹೊಂದಿಸಿದರು. ಆಮೇಲೆ ಕದ್ದು ಗೇಜ್ ಹಾಕಿ ನೋಡಿದೆ. ಹದಿನಾರು ಇತ್ತು. ಹದಿನೈದಕ್ಕೆ ತಂದೆ, ಅವರಿಗೆ ಹೇಳಲಿಲ್ಲ. ನ್ಯೂಸ್‌ಲೆಟರ್ ಓದುವವರು ಯಾರೂ ಹೇಳಬೇಡಿ.

ಆಗಸ್ಟ್ ಮೊದಲ ವಾರ ಪರೀಕ್ಷೆ. ಬಿಸಿಲು ಏರಿದ ಮೇಲೆ, ಇದ್ದಬದ್ದ ಎತ್ತರದ ಹುಲ್ಲಿಗೆಲ್ಲ ಇಳಿಸಿದೆವು. ಇಪ್ಪತ್ತಾರು ನಿಮಿಷ ದಾಟಿತು. ನಲವತ್ತು ದಾಟಿತು. ಒಂದು ಗಂಟೆಯಾದ ಮೇಲೆ ಅಪ್ಪ ಕೈ ಮಾಡಿ ನನ್ನನ್ನು ಇಳಿಸಿ ತಾವೇ ಹತ್ತಿದರು. ಪಂಚೆ ಎತ್ತಿ ಕಟ್ಟಿಕೊಂಡು ಕೂತವರಿಗೆ, ಪಂಚೆ ಬೇಡ, ಹಿಂದೆ ತಿರುಗುವ ಶಾಫ್ಟಿದೆ ಎಂದು ಹೇಳಿ ಪ್ಯಾಂಟ್ ಹಾಕಿಸಲು ಸ್ವಲ್ಪ ಜಗಳವಾಯಿತು. ಇನ್ನೂ ಒಂದು ಗಂಟೆ ಓಡಿಸಿದರು. ಪಕ್ಕದ ಅಜ್ಜ ಬೇಲಿಗೆ ಬಂದು ನೋಡುತ್ತಾ ನಿಂತರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಪ್ಪ ಕಾಯಿಲಿಗೆ ಬೆರಳು ತೋರಿಸಿ, ಕತ್ತಿನ ಮೇಲೆ ಕೈ ಅಡ್ಡ ಎಳೆದು ತೋರಿಸಿದರು. ಅಜ್ಜ ತಲೆಯಾಡಿಸಿ ಕ್ಲಿಪ್ಪುಗಳನ್ನು ವಾಪಸು ಇಸಿದುಕೊಂಡು ಹೋದರು. ಮರುವಾರ ತಮ್ಮ ಹಳೆಯ ಹುಲ್ಲು ಕತ್ತರಿಸುವ ಯಂತ್ರವನ್ನು ತಳ್ಳಿಕೊಂಡು ಬಂದು ಅಪ್ಪನ ಮುಂದೆ ನಿಲ್ಲಿಸಿದರು.

ಟಿಕೆಟ್ ಮುಂಚೆಗೆ ಬದಲಾಯಿಸುವ ಮಾತು ಮತ್ತೆ ಬರಲಿಲ್ಲ. ಅಕ್ಟೋಬರ್ ಕೊನೆಗೆ, ಹೊರಡಬೇಕಾದ ದಿನಕ್ಕೇ ಹೊರಟರು. ಅವರೆಕಾಳನ್ನು ಮಾತ್ರ ನನ್ನವಳು ಅಡಿಗೆಗೆ ಬಳಸಲು ಒಪ್ಪಲಿಲ್ಲ. ಅವ್ವ ಸುಮ್ಮನೆ ಉಪ್ಪಿಟ್ಟಿಗೆ ಹಾಕಿ ಎಲ್ಲರಿಗೂ ಬಡಿಸಿ, ತಿಂದಾದ ಮೇಲೆ ಹೇಳಿದರು.

ಟ್ರ್ಯಾಕ್ಟರು ಈಗಲೂ ದುಡಿಯುತ್ತಿದೆ. ಹಿಂಬದಿಯಲ್ಲಿ ಎಲ್ಲಿಂದಲೋ ಎಣ್ಣೆ ಜಿನುಗಲು ಶುರುವಾಗಿದೆ, ಅದು ಬೇರೆ ಕಥೆ. ಭಾನುವಾರ ಊರಿಗೆ ಫೋನ್ ಮಾಡಿದರೆ ಅಪ್ಪ ನನ್ನ ಆರೋಗ್ಯ, ಮೊಮ್ಮಗಳ ಓದು ಎಲ್ಲ ಕೇಳಿ ಮುಗಿಸಿ, ಇಡುವ ಮುಂಚೆ ಒಂದು ಮಾತು ಕೇಳುತ್ತಾರೆ: "ಕೀ ಆಫ್ ಮಾಡ್ದಾ?"